ಕಿರುದಾರಿಯ ಸಂತ ತೆರೇಸಾ

ಸಂತರು ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರವೇ ಬೇರೆ. ಮನೆಮಾರು ತೊರೆದು ಕಾಡು ಸೇರಿದವರು, ಕಡಲು ದಾಟಿ ದೂರದೇಶಗಳಲ್ಲಿ ಧರ್ಮಬೋಧೆ ಮಾಡಿದವರು, ನಂಬಿಕೆಗಾಗಿ ಪ್ರಾಣವನ್ನೇ ತೆತ್ತವರು ನಮ್ಮ ಕಣ್ಣಮುಂದೆ ಬಂದು ನಿಲ್ಲುತ್ತಾರೆ. ಪಾವಿತ್ರ್ಯವೆಂಬುದು ಅಂಥವರಿಗೇ ಮೀಸಲು. ಬೆಳಗಾದರೆ ನೀರು ಸೇದಿ, ಒಲೆ ಹೊತ್ತಿಸಿ, ಶಾಲೆಗೋ ತೋಟಕ್ಕೋ ಹೋಗಿ ಬರುವ ನಮ್ಮಂಥವರಿಗೆ ಅದು ನಿಲುಕದ ವಸ್ತು ಎಂದು ನಾವು ಭಾವಿಸುತ್ತೇವೆ. ಈ ಭಾವನೆ ಸರಿಯಲ್ಲವೆಂದು ತನ್ನ ಬಾಳಿನಿಂದಲೇ ತೋರಿಸಿಕೊಟ್ಟ ಒಬ್ಬ ಹೆಣ್ಣುಮಗಳು ಫ್ರಾನ್ಸ್ ದೇಶದಲ್ಲಿ ಆಗಿಹೋದಳು. ಆಕೆ ಬದುಕಿದ್ದುದು ಕೇವಲ 24 ವರ್ಷ. ಅದರಲ್ಲಿ ಕೊನೆಯ ಒಂಬತ್ತೂವರೆ ವರ್ಷ ಒಂದು ಸಣ್ಣ ಪಟ್ಟಣದ ಮಠದ ಗೋಡೆಗಳನ್ನು ದಾಟಿ ಹೊರಗೆ ಬರಲಿಲ್ಲ. ಪವಾಡ ಮಾಡಲಿಲ್ಲ, ಸಂಸ್ಥೆ ಕಟ್ಟಲಿಲ್ಲ, ವೇದಿಕೆಯೇರಿ ಮಾತಾಡಲಿಲ್ಲ. ಆದರೂ ಇಂದು ಕ್ರೈಸ್ತ ಜಗತ್ತಿನಲ್ಲಿ ಆಕೆಯ ಹೆಸರು ಕೇಳದವರು ವಿರಳ. ಆಕೆಯೇ ಲಿಸ್ಯೂವಿನ ಸಂತ ತೆರೇಸಾ. ಕೇರಳ, ಕರ್ನಾಟಕಗಳಲ್ಲಿ ಲಿಟ್ಲ್ ಫ್ಲವರ್ ಎಂಬ ಹೆಸರಿನ ಶಾಲೆಗಳನ್ನೂ ಇಗರ್ಜಿಗಳನ್ನೂ ನೀವು ಕಂಡಿರಬಹುದು. ಆ ಪುಟ್ಟ ಹೂವು ಈಕೆಯೇ.

ತೆರೇಸಾ ಹುಟ್ಟಿದ್ದು 1873ನೆಯ ಇಸವಿ ಜನವರಿ 2ರಂದು, ಫ್ರಾನ್ಸಿನ ನಾರ್ಮಂಡಿ ಪ್ರಾಂತದ ಅಲಾನ್ಸೋಂ ಎಂಬ ಊರಿನಲ್ಲಿ. ತಂದೆ ಲೂಯಿ ಮಾರ್ಟಿನ್ ಗಡಿಯಾರದ ಕೆಲಸ ಬಲ್ಲವರು. ತಾಯಿ ಜೆಲಿ ಆ ಊರಿನ ಪ್ರಸಿದ್ಧ ಕೈಕೆಲಸವಾದ ಲೇಸ್ ಹೆಣೆಯುವುದರಲ್ಲಿ ನಿಪುಣೆ. ಹಲವು ಹೆಂಗಸರಿಗೆ ಕೆಲಸ ಹಂಚಿಕೊಟ್ಟು ತಾನೇ ಒಂದು ಉದ್ಯಮ ನಡೆಸುತ್ತಿದ್ದರು. ಈ ದಂಪತಿಗಳಿಗೆ ಒಂಬತ್ತು ಮಕ್ಕಳು. ನಾಲ್ವರು ಎಳವೆಯಲ್ಲೇ ತೀರಿಕೊಂಡರು. ಉಳಿದ ಐವರು ಹೆಣ್ಣುಮಕ್ಕಳಲ್ಲಿ ಮೇರಿ, ಪೌಲೀನ್, ಲಿಯೋನಿ, ಸೆಲೀನ್ ಇವರ ಬೆನ್ನಿಗೆ ಬಂದ ಕೊನೆಯ ಕೂಸೇ ತೆರೇಸಾ. ಹುಟ್ಟಿದಾಗ ಮಗು ಬಹಳ ದುರ್ಬಲವಾಗಿತ್ತು. ಬದುಕುವುದೇ ಸಂಶಯವೆನಿಸಿದಾಗ ತಾಯಿ ಅದನ್ನು ಹಳ್ಳಿಯ ಒಬ್ಬ ರೈತ ಹೆಂಗಸಿನ ಮಡಿಲಿಗೆ ಒಪ್ಪಿಸಿದರು. ಆ ಸಾಕುತಾಯಿಯ ಹಾಲು ಕುಡಿದು, ಹೊಲದ ಗಾಳಿಬಿಸಿಲಿನಲ್ಲಿ ಬೆಳೆದು, ಒಂದು ವರ್ಷ ದಾಟಿದ ಮೇಲೆ ಮಗು ಗಟ್ಟಿಮುಟ್ಟಾಗಿ ಮನೆಗೆ ಮರಳಿತು.

ಆದರೆ ತಾಯಿಯ ಆಸರೆ ಬಹುಕಾಲ ಉಳಿಯಲಿಲ್ಲ. 1877ರ ಆಗಸ್ಟಿನಲ್ಲಿ ಜೆಲಿಯವರು ಎದೆಯ ಕ್ಯಾನ್ಸರಿಗೆ ಬಲಿಯಾದರು. ಆಗ ತೆರೇಸಾಳಿಗೆ ನಾಲ್ಕೂವರೆ ವರ್ಷ. ಅದುವರೆಗೆ ನಕ್ಕು ನಲಿಯುತ್ತಿದ್ದ, ತುಸು ಹಟವನ್ನೂ ಮಾಡುತ್ತಿದ್ದ ಹುಡುಗಿ ಅಂದಿನಿಂದ ಮಾತು ಕಡಿಮೆ ಮಾಡಿದಳು. ಸಣ್ಣ ಮಾತಿಗೂ ಅಳತೊಡಗಿದಳು. ಮಕ್ಕಳಿಗೆ ಸೋದರಮಾವನ ಕುಟುಂಬದ ಆಸರೆ ಸಿಗಲೆಂದು ತಂದೆ ಸಂಸಾರವನ್ನು ಲಿಸ್ಯೂ ಪಟ್ಟಣಕ್ಕೆ ಸಾಗಿಸಿದರು. ಎರಡನೆಯ ಅಕ್ಕ ಪೌಲೀನಳನ್ನೇ ತೆರೇಸಾ ತಾಯಿಯೆಂದು ಆರಿಸಿಕೊಂಡಳು. 1882ರಲ್ಲಿ ಆ ಅಕ್ಕನೂ ಊರಿನ ಕಾರ್ಮೆಲ್ ಮಠವನ್ನು ಸೇರಿ ಸನ್ಯಾಸಿನಿಯಾದಾಗ, ಮಗುವಿಗೆ ಎರಡನೆಯ ಸಲ ತಾಯಿಯನ್ನು ಕಳೆದುಕೊಂಡಂತಾಯಿತು. ಮರುವರ್ಷ ಆಕೆ ಕಾಯಿಲೆ ಬಿದ್ದು ಹಲವು ವಾರ ನರಳಿದಳು.

ಶಾಲೆಯೂ ಆಕೆಗೆ ಸುಖ ಕೊಡಲಿಲ್ಲ. ಎಂಟೂವರೆ ವರ್ಷಕ್ಕೆ ಸೇರಿದ ಶಾಲೆಯಲ್ಲಿ ಪಾಠದಲ್ಲಿ ಆಕೆಯೇ ಮುಂದು. ಆದರೆ ಆಟದಲ್ಲಿ ಹಿಂದು. ತರಗತಿಯಲ್ಲಿ ತನಗಿಂತ ಹಿರಿಯರಾದ ಹುಡುಗಿಯರ ನಡುವೆ ಕೂರಬೇಕಾಗಿತ್ತು. ಅವರಲ್ಲೊಬ್ಬಳು ಹೊಟ್ಟೆಕಿಚ್ಚಿನಿಂದ ಆಕೆಯನ್ನು ಸದಾ ಪೀಡಿಸುತ್ತಿದ್ದಳು. ತಿರುಗಿ ಮಾತಾಡಲು ತಿಳಿಯದೆ ತೆರೇಸಾ ಮೂಲೆಯಲ್ಲಿ ಅಳುತ್ತಿದ್ದಳು. ತನ್ನ ಬಾಳಿನಲ್ಲೇ ಅತಿ ದುಃಖದ ವರ್ಷಗಳು ಅವೆಂದು ಆಕೆ ಮುಂದೆ ಬರೆದುಕೊಂಡಿದ್ದಾಳೆ. ವಿದ್ಯಾರ್ಥಿಗಳೇ, ಸಂತರು ಹುಟ್ಟುತ್ತಲೇ ಸಂತರಾಗಿರುತ್ತಾರೆಂಬ ನಂಬಿಕೆ ನಿಮಗಿದ್ದರೆ ಈ ಅಳುಬುರುಕ ಹುಡುಗಿಯನ್ನು ಒಮ್ಮೆ ನೆನೆಯಿರಿ.

ಈ ಸ್ವಭಾವ ತಿರುಗಿದ್ದು ಒಂದು ಸಣ್ಣ ಘಟನೆಯಿಂದ. 1886ರ ಕ್ರಿಸ್ಮಸ್ ರಾತ್ರಿ. ನಡುರಾತ್ರಿಯ ಪೂಜೆ ಮುಗಿಸಿ ಎಲ್ಲರೂ ಮನೆಗೆ ಬಂದಿದ್ದರು. ಆ ದೇಶದಲ್ಲಿ ಮಕ್ಕಳ ಬೂಟುಗಳನ್ನು ಅಗ್ಗಿಷ್ಟಿಕೆಯ ಬಳಿ ಇಟ್ಟು ಅದರೊಳಗೆ ಉಡುಗೊರೆ ತುಂಬಿಡುವುದು ಪದ್ಧತಿ. ತೆರೇಸಾಳಿಗೆ ಹದಿನಾಲ್ಕು ತುಂಬುತ್ತ ಬಂದಿದ್ದರೂ ಕಿರಿಮಗಳೆಂಬ ಮುದ್ದಿನಿಂದ ಆ ಪದ್ಧತಿ ಇನ್ನೂ ನಡೆದಿತ್ತು. ದಣಿದಿದ್ದ ತಂದೆ, ಸದ್ಯ ಇದೇ ಕೊನೆಯ ವರ್ಷವಲ್ಲವೇ ಎಂದು ಬೇಸರದಿಂದ ನುಡಿದುಬಿಟ್ಟರು. ಮಹಡಿಯ ಮೆಟ್ಟಿಲೇರುತ್ತಿದ್ದ ಮಗಳ ಕಿವಿಗೆ ಆ ಮಾತು ಬಿತ್ತು. ಆಕೆಯ ಕಣ್ಣು ತುಂಬಿದ್ದನ್ನು ಕಂಡ ಸೆಲೀನ್, ಈಗಲೇ ಕೆಳಗಿಳಿಯಬೇಡ, ಅತ್ತುಬಿಡುತ್ತೀಯೆ ಎಂದಳು. ಆದರೆ ತೆರೇಸಾ ಕಣ್ಣೀರು ನುಂಗಿಕೊಂಡು ಕೆಳಗಿಳಿದಳು. ತಂದೆಯ ಮುಂದೆ ಕುಳಿತು ನಗುನಗುತ್ತ ಒಂದೊಂದೇ ಉಡುಗೊರೆಯನ್ನು ಹೊರತೆಗೆದಳು. ತಂದೆಯ ಬೇಸರವೂ ಕರಗಿತು. ಹೊರಗಿನವರಿಗೆ ಇದೊಂದು ಸಂಗತಿಯೇ ಅಲ್ಲ. ಆದರೆ ತನ್ನ ನೋವನ್ನು ಮರೆತು ಇನ್ನೊಬ್ಬರ ಸಂತೋಷವನ್ನು ನೋಡುವ ಬಲ ಅಂದು ತನಗೆ ದೇವರಿಂದ ದೊರೆಯಿತೆಂದು ಆಕೆ ಕೊನೆಯವರೆಗೂ ನಂಬಿದ್ದಳು.

ಅಕ್ಕನಂತೆ ತಾನೂ ಕಾರ್ಮೆಲ್ ಮಠ ಸೇರಬೇಕೆಂಬುದು ಆಕೆಯ ಹಂಬಲ. ಹದಿನೈದರ ಹುಡುಗಿಗೆ ಅಂಥ ಕಠಿಣ ಜೀವನ ಸಲ್ಲದೆಂದು ಮಠದ ಮೇಲ್ವಿಚಾರಕ ಪಾದ್ರಿಗಳು ತಡೆದರು. ತಂದೆ ಮಾತ್ರ ಕಣ್ಣೀರಿಟ್ಟು ಒಪ್ಪಿದರು. ಮಗಳನ್ನು ತಾವೇ ಬಿಷಪ್ಪರ ಬಳಿಗೆ ಕರೆದೊಯ್ದರು. ದೊಡ್ಡವಳಾಗಿ ಕಾಣಬೇಕೆಂದು ಆಕೆ ಅಂದು ಕೂದಲನ್ನು ಮೇಲೆತ್ತಿ ತುರುಬು ಕಟ್ಟಿದ್ದಳಂತೆ. ಅಲ್ಲಿಯೂ ಉತ್ತರ ಕೂಡಲೇ ದೊರೆಯಲಿಲ್ಲ. 1887ರ ನವೆಂಬರಿನಲ್ಲಿ ತಂದೆಯೊಡನೆ ರೋಮಿಗೆ ಯಾತ್ರೆ ಹೋದಾಗ, ಯಾರೂ ಮಾತಾಡಕೂಡದೆಂಬ ಅಪ್ಪಣೆಯಿದ್ದರೂ, ಪೋಪ್ ಹದಿಮೂರನೆಯ ಲಿಯೋ ಅವರ ಪಾದದ ಬಳಿ ಮಂಡಿಯೂರಿ ತನ್ನ ಬೇಡಿಕೆಯನ್ನು ಮುಂದಿಟ್ಟಳು. ದೇವರ ಚಿತ್ತವಿದ್ದರೆ ಸೇರುವೆ ಎಂದಷ್ಟೇ ಅವರು ಹೇಳಿದರು. ಏಳಲೊಲ್ಲದ ಹುಡುಗಿಯನ್ನು ಕಾವಲುಗಾರರು ಎತ್ತಿ ಹೊರಗೆ ಕಳುಹಿಸಬೇಕಾಯಿತು. ಕೊನೆಗೆ ಬಿಷಪ್ಪರ ಒಪ್ಪಿಗೆ ಬಂದು, 1888ರ ಏಪ್ರಿಲ್ 9ರಂದು ಆಕೆ ಮಠದ ಬಾಗಿಲನ್ನು ದಾಟಿದಳು. ನಮ್ಮ ಹತ್ತನೆಯ ತರಗತಿಯ ಮಕ್ಕಳ ವಯಸ್ಸು ಆಗ ಆಕೆಗೆ.

ಆ ಮಠದಲ್ಲಿದ್ದವರು ಸುಮಾರು ಇಪ್ಪತ್ತೈದು ಮಂದಿ. ದಿನದ ಬಹುಭಾಗ ಮೌನ, ಪ್ರಾರ್ಥನೆ. ಉಳಿದ ಹೊತ್ತು ಗುಡಿಸುವುದು, ಒಗೆಯುವುದು, ಹೊಲಿಯುವುದು, ಊಟದ ಮನೆ ಅಣಿಗೊಳಿಸುವುದು, ಪೂಜಾ ಸಾಮಗ್ರಿ ಸಿದ್ಧಪಡಿಸುವುದು. ಹುಲ್ಲಿನ ಹಾಸಿಗೆ. ನಾರ್ಮಂಡಿಯ ಕೊರೆಯುವ ಚಳಿಯಲ್ಲಿಯೂ ಕೋಣೆಗಳಲ್ಲಿ ಬೆಂಕಿಯಿಲ್ಲ. ಆದರೆ ಹುಲ್ಲಿಗಿಂತ, ಚಳಿಗಿಂತ ಕಠಿಣವಾದುದು ಇನ್ನೊಂದಿತ್ತು. ಬೇರೆಬೇರೆ ವಯಸ್ಸಿನ, ಬೇರೆಬೇರೆ ಸ್ವಭಾವದ ಇಷ್ಟು ಜನ ಹೆಂಗಸರು ವರ್ಷವಿಡೀ ಒಂದೇ ಗೋಡೆಯೊಳಗೆ ಬಾಳುವುದು! ಒಟ್ಟುಕುಟುಂಬದಲ್ಲಿ ಬಾಳಿದ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೆರೇಸಾಳ ಪಾವಿತ್ರ್ಯ ಪಕ್ವವಾದದ್ದು ಇಲ್ಲಿಯೇ.

ಮಠದಲ್ಲಿ ಕಾಲಿನ ಸ್ವಾಧೀನ ತಪ್ಪುತ್ತಿದ್ದ ಒಬ್ಬ ಮುದುಕಿ ಸನ್ಯಾಸಿನಿಯಿದ್ದಳು. ಪ್ರತಿ ಸಂಜೆ ಆರು ಗಂಟೆಗೆ ಹತ್ತು ನಿಮಿಷವಿರುವಾಗ ಅವಳನ್ನು ಪ್ರಾರ್ಥನಾ ಮಂದಿರದಿಂದ ಊಟದ ಮನೆಗೆ ಯಾರಾದರೂ ನಡೆಸಿಕೊಂಡು ಹೋಗಬೇಕಿತ್ತು. ಅವಳನ್ನು ತೃಪ್ತಿಪಡಿಸುವುದು ಬಲುಕಷ್ಟ. ಬೇಗ ನಡೆದರೆ ಬೀಳುತ್ತೇನೆಂದು ಕೂಗು, ನಿಧಾನವಾದರೆ ಕೈಬಿಟ್ಟೆಯೆಂದು ಗೊಣಗು. ತೆರೇಸಾ ತಾನಾಗಿ ಆ ಕೆಲಸವನ್ನು ಕೇಳಿ ಪಡೆದಳು. ಮುದುಕಿ ತನ್ನ ಮರಳುಗಡಿಯಾರವನ್ನು ಅಲ್ಲಾಡಿಸಿದೊಡನೆ ಎದ್ದು, ಬೆಂಚನ್ನು ಅವಳು ಹೇಳಿದಂತೆಯೇ ಸರಿಸಿ, ಸೊಂಟದ ಪಟ್ಟಿ ಹಿಡಿದು ಹೆಜ್ಜೆಹೆಜ್ಜೆಯಾಗಿ ನಡೆಸಿಕೊಂಡು ಹೋಗುತ್ತಿದ್ದಳು. ಕೂರಿಸಿ, ಅಂಗಿಯ ತೋಳು ಮಡಚಿಕೊಟ್ಟ ಮೇಲೆ ಅವಳ ಕೆಲಸ ಮುಗಿಯಿತು. ಆದರೆ ಮುದುಕಿಯ ಸೊಟ್ಟಗಾದ ಕೈಗಳಿಗೆ ರೊಟ್ಟಿ ತುಂಡರಿಸುವುದು ಕಷ್ಟವೆಂಬುದು ಕೆಲವೇ ದಿನಗಳಲ್ಲಿ ತೆರೇಸಾಳಿಗೆ ತಿಳಿಯಿತು. ಅಂದಿನಿಂದ ಯಾರೂ ಹೇಳದಿದ್ದರೂ ರೊಟ್ಟಿಯನ್ನು ತುಂಡರಿಸಿಟ್ಟು, ಮುಖ ತುಂಬ ನಕ್ಕು, ಆಮೇಲೆ ಹೊರಡುತ್ತಿದ್ದಳು. ಮುದುಕಿಯ ಮನಸ್ಸನ್ನು ಗೆದ್ದದ್ದು ರೊಟ್ಟಿಗಿಂತಲೂ ಆ ನಗು.

ಇನ್ನೊಬ್ಬ ಸನ್ಯಾಸಿನಿಯಂತೂ ತೆರೇಸಾಳಿಗೆ ಯಾವುದರಲ್ಲಿಯೂ ಸರಿಬರುತ್ತಿರಲಿಲ್ಲ. ಅವಳ ಮಾತು, ರೀತಿ, ಸ್ವಭಾವ ಎಲ್ಲವೂ ಆಕೆಗೆ ಅಸಹ್ಯ. ಆದರೆ ಪ್ರೀತಿಯೆಂಬುದು ಮನಸ್ಸಿನ ಒಲವಿನಲ್ಲಿಲ್ಲ, ಮಾಡುವ ಕೆಲಸದಲ್ಲಿದೆ ಎಂದು ತೆರೇಸಾ ತನಗೆ ತಾನೇ ಹೇಳಿಕೊಂಡಳು. ಎದುರಾದಾಗಲೆಲ್ಲ ಆ ಭಗಿನಿಗಾಗಿ ಪ್ರಾರ್ಥಿಸಿದಳು, ಕೈಲಾದ ಉಪಕಾರ ಮಾಡಿದಳು, ಒರಟು ಉತ್ತರ ನಾಲಗೆಯ ತುದಿಗೆ ಬಂದಾಗ ನಕ್ಕು ಸುಮ್ಮನಾದಳು. ತಡೆದುಕೊಳ್ಳಲಾರೆನೆನಿಸಿದರೆ ಅಲ್ಲಿಂದ ಓಡಿಹೋಗುತ್ತಿದ್ದಳಂತೆ. ಒಂದು ದಿನ ಆ ಭಗಿನಿಯೇ ಬಂದು, ನನ್ನಲ್ಲಿ ಅಷ್ಟು ಇಷ್ಟವಾಗುವಂಥದ್ದು ನೀನೇನು ಕಂಡೆ ಎಂದು ಸಂತೋಷದಿಂದ ಕೇಳಿದಳು!

ಇಂಥ ಸಂಗತಿಗಳು ಇನ್ನೂ ಹಲವು. ಧ್ಯಾನದ ಹೊತ್ತಿನಲ್ಲಿ ಹಿಂದೆ ಕುಳಿತವಳೊಬ್ಬಳು ನಿತ್ಯವೂ ಏನೋ ಕಟಕಟ ಸದ್ದು ಮಾಡುತ್ತಿದ್ದಳು. ತಿರುಗಿ ನೋಡಿದರೆ ಅವಳು ನೊಂದುಕೊಂಡಾಳೆಂದು, ತೆರೇಸಾ ಬೆವರುತ್ತಲೇ ಆ ಸದ್ದನ್ನು ದೇವರಿಗೆ ಅರ್ಪಿಸುವ ಸಂಗೀತವೆಂದು ಭಾವಿಸಲು ಕಲಿತಳು. ಬಟ್ಟೆ ಒಗೆಯುವಾಗ ಎದುರಿನವಳು ಕೊಳೆನೀರನ್ನು ಮುಖಕ್ಕೆ ಸಿಡಿಸುತ್ತಿದ್ದಳು. ಹಿಂದೆ ಸರಿದು ಮುಖ ಒರೆಸಿಕೊಂಡು ಅವಳ ತಪ್ಪನ್ನು ತೋರಿಸಬೇಕೆಂಬ ಮನಸ್ಸಾದರೂ ತೆರೇಸಾ ಸರಿಯದೆ ನಿಂತಳು. ಕೋಣೆಯಲ್ಲಿದ್ದ ಅಂದದ ಹೂಜಿಯನ್ನು ಯಾರೋ ಒಯ್ದು ಅಂಚು ಒಡೆದ ದೊಡ್ಡ ಹೂಜಿಯನ್ನಿಟ್ಟರೆ ಅದರಿಂದಲೇ ನೀರು ಕುಡಿದಳು. ಇನ್ಯಾರೋ ತಪ್ಪಿ ಆಕೆಯ ದೀಪವನ್ನು ಕೊಂಡೊಯ್ದಾಗ, ಕೆಲಸ ಬೇಕಾದಷ್ಟಿದ್ದರೂ, ಗೊಣಗದೆ ಕತ್ತಲಲ್ಲಿ ಕುಳಿತಳು. ಇವೆಲ್ಲ ಸುಲಭವಾಗಿ ನಡೆದವೆಂದು ತಿಳಿಯಬೇಡಿ. ಪ್ರತಿಯೊಂದರಲ್ಲಿಯೂ ತನ್ನೊಳಗೆ ನಡೆದ ಹೋರಾಟವನ್ನು ಆಕೆ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾಳೆ. ಪ್ರಾರ್ಥನೆಯ ವೇಳೆ ಎಷ್ಟೋ ಸಲ ನಿದ್ದೆ ಹೋಗುತ್ತಿದ್ದುದನ್ನೂ ಬಚ್ಚಿಟ್ಟಿಲ್ಲ. ಮಕ್ಕಳು ನಿದ್ದೆಯಲ್ಲಿದ್ದರೂ ಎಚ್ಚರದಲ್ಲಿದ್ದರೂ ತಾಯಿತಂದೆಗೆ ಪ್ರಿಯರೇ ಅಲ್ಲವೇ ಎಂಬುದು ಆಕೆಯ ಸಮಾಧಾನ.

ಸಣ್ಣ ಸಂಗತಿಗಳಲ್ಲಿ ಪಳಗಿದ ಈ ಮನಸ್ಸು ದೊಡ್ಡ ಕಷ್ಟ ಬಂದಾಗಲೂ ಕುಸಿಯಲಿಲ್ಲ. ಆಕೆ ಮಠ ಸೇರಿದ ಮರುವರ್ಷವೇ ತಂದೆಯ ಬುದ್ಧಿ ಸ್ತಿಮಿತ ತಪ್ಪಿತು. ಅವರನ್ನು ಕಾನ್ ನಗರದ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂರು ವರ್ಷ ಅವರು ಅಲ್ಲಿಯೇ ಇದ್ದರು. ಹೆಣ್ಣುಮಕ್ಕಳು ಬಿಟ್ಟುಹೋದದ್ದೇ ಇದಕ್ಕೆ ಕಾರಣವೆಂದು ಊರಿನಲ್ಲಿ ಆಡಿಕೊಂಡರು. ಆ ಮಾತು ಮಠದೊಳಗೂ ತಲುಪಿತು. ತೆರೇಸಾ ಮೌನವಾಗಿ ತನ್ನ ಕೆಲಸದಲ್ಲಿ ತೊಡಗಿದಳು. 1891ರ ಕೊನೆಯಲ್ಲಿ ಇನ್‌ಫ್ಲುಯೆಂಜಾ ಜ್ವರ ಮಠಕ್ಕೆ ನುಗ್ಗಿದಾಗ ಬಹುಮಂದಿ ಹಾಸಿಗೆ ಹಿಡಿದರು, ಕೆಲವರು ಸತ್ತರು. ತೆರೇಸಾಳಿಗೆ 19 ತುಂಬಿದ ದಿನವೇ ಮಠದಲ್ಲಿ ಒಂದು ಸಾವು. ನಿಂತು ಓಡಾಡಬಲ್ಲವರಾಗಿ ಉಳಿದ ಬೆರಳೆಣಿಕೆಯವರಲ್ಲಿ ಆಕೆಯೊಬ್ಬಳು. ರೋಗಿಗಳ ಶುಶ್ರೂಷೆ, ಸತ್ತವರ ಕೊನೆಯ ಅಲಂಕಾರ, ಪೂಜೆಯ ಸಿದ್ಧತೆ ಎಲ್ಲವನ್ನೂ ಅಳುಬುರುಕಳೆನಿಸಿದ್ದ ಅದೇ ಹುಡುಗಿ ಎದೆಗುಂದದೆ ನಿರ್ವಹಿಸಿದಳು.

ಇಷ್ಟೆಲ್ಲದರಿಂದ ಆಕೆ ಕಂಡುಕೊಂಡ ಮಾರ್ಗವನ್ನು ಕಿರುದಾರಿ ಎಂದು ಕರೆಯುತ್ತಾರೆ. ಮಹಾಸಂತರನ್ನು ಬೆಟ್ಟಕ್ಕೂ ತನ್ನನ್ನು ಮರಳಿನ ಕಣಕ್ಕೂ ಆಕೆ ಹೋಲಿಸಿಕೊಳ್ಳುತ್ತಿದ್ದಳು. ಹಾಗೆಂದು ಕಣವು ನಿರಾಶೆಗೊಳ್ಳಬೇಕೆ? ರೋಮ್ ಯಾತ್ರೆಯಲ್ಲಿ ಹೋಟೆಲುಗಳಲ್ಲಿ ಕಂಡ ಲಿಫ್ಟ್ ಆಕೆಗೆ ನೆನಪಾಯಿತು. ಮೆಟ್ಟಿಲು ಹತ್ತಲಾರದ ಮಗುವನ್ನು ತಂದೆ ಎತ್ತಿಕೊಳ್ಳುವಂತೆ ದೇವರೇ ತನ್ನನ್ನು ಎತ್ತಿಕೊಳ್ಳುವನು. ತಾನು ಮಾಡಬೇಕಾದುದು ಸಣ್ಣವಳಾಗಿಯೇ ಉಳಿದು, ಎದುರಿಗೆ ಬಂದ ಸಣ್ಣ ಕೆಲಸವನ್ನು ಪೂರ್ಣ ಪ್ರೀತಿಯಿಂದ ಮಾಡುವುದು. ಇದೇ ಆ ದಾರಿಯ ಸಾರ. ಕಾಯಕವನ್ನೇ ಪೂಜೆಯೆಂದು ತಿಳಿದ ಶರಣರ ನುಡಿಯನ್ನಾಡುವ ನಮಗೆ ಇದು ತೀರ ಅಪರಿಚಿತವಾದ ವಿಚಾರವೇನಲ್ಲ.

1896ರ ಏಪ್ರಿಲ್ ಮೊದಲ ವಾರ, ಶುಭ ಶುಕ್ರವಾರಕ್ಕೆ ಮುಂಚಿನ ರಾತ್ರಿ, ದೀಪ ಆರಿಸಿ ಮಲಗಿದೊಡನೆ ಆಕೆಯ ಬಾಯಿಗೆ ಏನೋ ಬಿಸಿಯಾಗಿ ಉಕ್ಕಿಬಂತು. ಬೆಳಿಗ್ಗೆ ನೋಡಿದರೆ ಅದು ರಕ್ತ. ಕ್ಷಯರೋಗ ಹಿಡಿದಿತ್ತು. ಕ್ಷಯದ ರೋಗಾಣುವನ್ನು 1882ರಲ್ಲಿಯೇ ಕಂಡುಹಿಡಿದಿದ್ದರೂ ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಮದ್ದು ದೊರೆತದ್ದು 1943ರಲ್ಲಿ. ಇಂದು ತಪ್ಪದೆ ಮದ್ದು ತೆಗೆದುಕೊಂಡರೆ ಗುಣವಾಗುವ ಆ ರೋಗ ಅಂದು ಸಾವಿನ ಕರೆಯೇ ಆಗಿತ್ತು. ದೇಹದ ನೋವಿನ ಜೊತೆಗೆ ಮನಸ್ಸಿಗೂ ಕತ್ತಲು ಕವಿಯಿತು. ಸ್ವರ್ಗವೆಂಬುದು ಇದೆಯೇ, ಸಾವಿನಾಚೆ ಏನೂ ಇಲ್ಲವೇ ಎಂಬ ಸಂಶಯ ಆಕೆಯನ್ನು ಕಾಡತೊಡಗಿತು. ಹಿಂದೆ ಸುಲಭವಾಗಿದ್ದ ನಂಬಿಕೆ ಈಗ ಗೋಡೆಯಂತೆ ಅಡ್ಡ ನಿಂತಿತು. ಸಾಯುವವರೆಗೂ ಈ ಕತ್ತಲು ಸರಿಯಲಿಲ್ಲ. ಆದರೆ ಪ್ರಾರ್ಥನೆಯನ್ನಾಗಲಿ, ಸೇವೆಯನ್ನಾಗಲಿ, ನಗುವನ್ನಾಗಲಿ ಆಕೆ ಬಿಡಲಿಲ್ಲ. ನಂಬಿಕೆ ಕಳೆದುಕೊಂಡವರ ಸಾಲಿನಲ್ಲಿ ತಾನೂ ಕುಳಿತು ಅವರಿಗಾಗಿ ಪ್ರಾರ್ಥಿಸುತ್ತಿದ್ದೇನೆಂದು ಭಾವಿಸಿದಳು. ಮನಸ್ಸಿಗೆ ಹಿತವೆನಿಸಿದಾಗ ಒಳ್ಳೆಯವರಾಗಿರುವುದು ಯಾರಿಗೂ ಸಾಧ್ಯ. ಏನೂ ಹಿತವೆನಿಸದಾಗಲೂ ಒಳ್ಳೆಯತನವನ್ನು ಬಿಡದಿರುವುದು ನಿಜವಾದ ಪಾವಿತ್ರ್ಯ. ತೆರೇಸಾಳ ಹಿರಿಮೆ ಇಲ್ಲಿದೆ ಎಂದು ನನಗೆ ತೋರುತ್ತದೆ.

ಕಾಯಿಲೆಯ ದಿನಗಳಲ್ಲಿ ಸ್ವಲ್ಪ ನಡೆದಾಡಬೇಕೆಂದು ಶುಶ್ರೂಷೆಯವರು ಹೇಳಿದ್ದರು. ಹೆಜ್ಜೆ ಎತ್ತಿಡಲಾರದೆ ತೋಟದಲ್ಲಿ ತೂರಾಡುತ್ತಿದ್ದವಳನ್ನು ಕಂಡು ಒಬ್ಬ ಭಗಿನಿ ವಿಶ್ರಮಿಸಲು ಹೇಳಿದಾಗ, ತಾನು ದೂರದಲ್ಲೆಲ್ಲೋ ದಣಿದಿರುವ ಒಬ್ಬ ಧರ್ಮಪ್ರಚಾರಕನಿಗಾಗಿ ನಡೆಯುತ್ತಿದ್ದೇನೆ ಎಂದಳು. ಇಬ್ಬರು ಧರ್ಮಪ್ರಚಾರಕರಿಗೆ ಆಕೆ ತಂಗಿಯಂತೆ ಕಾಗದ ಬರೆದು ಧೈರ್ಯ ತುಂಬುತ್ತಿದ್ದಳು. ಅವರಲ್ಲೊಬ್ಬರು ಚೀನಾ ದೇಶದಲ್ಲಿದ್ದರು.

ಅದೇ ದಿನಗಳಲ್ಲಿ ಇನ್ನೊಂದು ಮಾತು ಆಕೆಯ ಕಿವಿಗೆ ಬಿತ್ತು. ಮಠದಲ್ಲಿ ಯಾರಾದರೂ ತೀರಿಕೊಂಡರೆ ಅವರ ಜೀವನವನ್ನು ಸಂಕ್ಷೇಪವಾಗಿ ಬರೆದು ಇತರ ಮಠಗಳಿಗೆ ಕಳುಹಿಸುವುದು ರೂಢಿ. ತೆರೇಸಾ ಸತ್ತರೆ ಅವಳ ಬಗ್ಗೆ ಬರೆಯಲು ಏನು ತಾನೇ ಇದೆ, ಹೇಳಿಕೊಳ್ಳುವಂಥದ್ದು ಅವಳೇನೂ ಮಾಡಿಲ್ಲವಲ್ಲ ಎಂದು ಒಬ್ಬ ಭಗಿನಿ ಇನ್ನೊಬ್ಬಳೊಡನೆ ಆಡುತ್ತಿದ್ದಳು. ಜೊತೆಯಲ್ಲಿ ಉಂಡು, ಜೊತೆಯಲ್ಲಿ ದುಡಿದವರಿಗೂ ಆಕೆಯ ಹೋರಾಟ ಕಂಡಿರಲಿಲ್ಲ. ಅಷ್ಟು ಗುಟ್ಟಾಗಿ ಅದು ನಡೆದಿತ್ತು. ಆ ಮಾತಿಗೆ ತೆರೇಸಾ ನೊಂದುಕೊಳ್ಳಲಿಲ್ಲ, ಸಂತೋಷವನ್ನೇ ಪಟ್ಟಳು. 1897ರ ಸೆಪ್ಟೆಂಬರ್ 30ರ ಸಂಜೆ, ದೀರ್ಘ ಸಂಕಟದ ಬಳಿಕ, ಆಕೆ ಕೊನೆಯುಸಿರೆಳೆದಳು.

ಬರೆಯಲು ಏನಿದೆ ಎಂದವರಿಗೆ ಉತ್ತರವನ್ನು ಆಕೆ ತನಗರಿವಿಲ್ಲದೆಯೇ ಸಿದ್ಧಪಡಿಸಿಟ್ಟಿದ್ದಳು. ಅಕ್ಕ ಪೌಲೀನ್ ಮಠದ ಮುಖ್ಯಸ್ಥೆಯಾಗಿದ್ದಾಗ ಬಾಲ್ಯದ ನೆನಪುಗಳನ್ನು ಬರೆದಿಡುವಂತೆ ಆಜ್ಞಾಪಿಸಿದ್ದರಿಂದ ತೆರೇಸಾ ಬಿಡುವಿನ ಹೊತ್ತಿನಲ್ಲಿ ಶಾಲಾಮಕ್ಕಳ ನೋಟುಪುಸ್ತಕದಲ್ಲಿ ಬರೆಯತೊಡಗಿದ್ದಳು. ಕೊನೆಯ ಭಾಗವನ್ನು ರೋಗಶಯ್ಯೆಯ ದಿನಗಳಲ್ಲಿ ಬರೆದಳು. ಪೆನ್ನು ಹಿಡಿಯಲು ಬಲ ಸಾಲದಾದಾಗ ಪೆನ್ಸಿಲ್ ಹಿಡಿದಳು. ಆ ಬರಹಗಳು 1898ರಲ್ಲಿ ಒಂದು ಆತ್ಮದ ಕಥೆ ಎಂಬ ಅರ್ಥದ ಹೆಸರಿನಲ್ಲಿ 2000 ಪ್ರತಿ ಅಚ್ಚಾದವು. ಓದಿದವರು ಇನ್ನೊಬ್ಬರ ಕೈಗಿತ್ತರು. ಪುಸ್ತಕ ದೇಶದಿಂದ ದೇಶಕ್ಕೆ, ಭಾಷೆಯಿಂದ ಭಾಷೆಗೆ ಹರಿಯಿತು. 1925ರ ಮೇ 17ರಂದು ಪೋಪ್ ಹನ್ನೊಂದನೆಯ ಪಿಯುಸ್ ಆಕೆಯನ್ನು ಸಂತಳೆಂದು ಘೋಷಿಸಿದರು. 1927ರಲ್ಲಿ, ಮಠದಿಂದ ಹೊರಬಾರದ ಈಕೆಯನ್ನು, ಸಾಗರಗಳನ್ನು ದಾಟಿ ಬಂದು ಇಂದು ಹಳೆ ಗೋವೆಯಲ್ಲಿ ವಿರಮಿಸಿರುವ ಸಂತ ಫ್ರಾನ್ಸಿಸ್ ಕ್ಸೇವಿಯರರ ಸಮಕ್ಕೆ ಧರ್ಮಪ್ರಚಾರಕರ ಪಾಲಕ ಸಂತಳನ್ನಾಗಿ ಮಾಡಲಾಯಿತು. 1997ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಆಕೆಗೆ ಧರ್ಮಸಭೆಯ ಪಂಡಿತೆ ಎಂಬ ಅತ್ಯುನ್ನತ ಸ್ಥಾನವನ್ನಿತ್ತರು. ಕೋಲ್ಕತ್ತದ ಮದರ್ ತೆರೇಸಾ ಸನ್ಯಾಸಿನಿಯಾದಾಗ ಆರಿಸಿಕೊಂಡದ್ದು ಈಕೆಯ ಹೆಸರನ್ನೇ. ಗಡಿಯಾರದ ತಂದೆ, ಲೇಸ್ ಹೆಣೆದ ತಾಯಿ ಇವರಿಬ್ಬರನ್ನೂ 2015ರಲ್ಲಿ ಜೊತೆಯಾಗಿಯೇ ಸಂತರೆಂದು ಸಾರಲಾಯಿತು. ಸಂಸಾರ ನಡೆಸಿ, ಮಕ್ಕಳನ್ನು ಸಾಕಿ, ವ್ಯಾಪಾರದ ಲೆಕ್ಕ ಬರೆದುಕೊಂಡೇ ಅವರು ಆ ಪದವಿಗೇರಿದ್ದು. ಹೆತ್ತವರು ಇದನ್ನು ವಿಶೇಷವಾಗಿ ಗಮನಿಸಬೇಕು.

ನಮ್ಮ ಶಾಲೆಯಲ್ಲಿ ಬೇರೆಬೇರೆ ಮತಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಕಲಿಯುತ್ತಾರೆ. ತೆರೇಸಾಳ ನಂಬಿಕೆ ಕ್ರೈಸ್ತ ನಂಬಿಕೆ. ಆಕೆ ಮಾಡಿದ್ದೆಲ್ಲ ಯೇಸುವಿನ ಮೇಲಣ ಪ್ರೀತಿಗಾಗಿ. ಆದರೆ ಆಕೆಯ ಬಾಳಿನ ಪಾಠ ಎಲ್ಲರಿಗೂ ಸಲ್ಲುವಂಥದು. ನಿಮಗೆ ಹಿಡಿಸದ ಸಹಪಾಠಿಯೊಬ್ಬರು ಪಕ್ಕದಲ್ಲೇ ಕುಳಿತಿರಬಹುದು. ಮನೆಯಲ್ಲಿ ಹೇಳಿದ್ದನ್ನೇ ಹೇಳುವ ಅಜ್ಜಿಯಿರಬಹುದು. ತರಗತಿ ಗುಡಿಸುವ ಸರದಿ ಇಂದು ನಿಮ್ಮದಾಗಿದ್ದು, ಜೊತೆಯವರು ಕೈಕೊಟ್ಟು ಹೋಗಿರಬಹುದು. ಯಾರೂ ನೋಡುತ್ತಿಲ್ಲವೆಂದು ಅರೆಬರೆ ಗುಡಿಸಿ ಹೊರಡುವುದೋ, ಮೂಲೆಯ ಕಸವನ್ನೂ ತೆಗೆದು ಬಾಗಿಲು ಹಾಕುವುದೋ ಎಂಬುದು ನಿಮ್ಮ ಕೈಯಲ್ಲಿದೆ. ತೆರೇಸಾ ಪ್ರತಿದಿನ ಎದುರಿಸಿದ್ದು ಇಂಥ ಆಯ್ಕೆಗಳನ್ನೇ. ಅವು ನಮಗೂ ನಾಳೆ ಬೆಳಿಗ್ಗೆಯೇ ಎದುರಾಗುತ್ತವೆ.